ಊರಿನ ಮಗುವೊಂದನ್ನು ಓದಿಸುವ ಲೆಕ್ಕ: ಹೊರದೇಶದ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಇಲ್ಲಿ ಒಹಾಯೊದಲ್ಲಿ ಕನ್ನಡ ಕೂಟದ ಯುಗಾದಿ ಊಟಕ್ಕೆ ತಟ್ಟೆ ಹಿಡಿದು ನಿಂತಾಗ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. "ನೀವು ಊರಲ್ಲಿ ಯಾವುದೋ ಮಗುವನ್ನ ಓದಿಸ್ತಿದ್ದೀರಂತಲ್ಲ, ತಿಂಗಳಿಗೆ ಎಷ್ಟು ಬೀಳುತ್ತೆ?"

ನಾನು ತಿರುಗಿ ಕೇಳುವುದು ಒಂದೇ. "ಎಲ್ಲಿವರೆಗೆ ಓದಿಸ್ತೀರಿ?"

ಹೆಚ್ಚಿನವರು ಅಲ್ಲಿಗೆ ಸುಮ್ಮನಾಗುತ್ತಾರೆ. ಯಾಕೆಂದರೆ ಅದನ್ನು ಯಾರೂ ಯೋಚಿಸಿರುವುದಿಲ್ಲ. ನಾನೂ ಯೋಚಿಸಿರಲಿಲ್ಲ. ತಿಂಗಳಿಗೆ ಇಷ್ಟು ಡಾಲರ್ ಅಂದರೆ ಹೋಟೆಲ್ ಊಟದ ಬೆಲೆ, ಯಾರಿಗೂ ಭಾರವಲ್ಲ. ಎಂಟನೇ ಕ್ಲಾಸಿನಿಂದ ಡಿಗ್ರಿವರೆಗೆ ಎಂಟು ವರ್ಷ ಅಂದರೆ ಅದು ಒಂದು ಸಾಲದ ಕಂತು ಇದ್ದ ಹಾಗೆ. ಮಧ್ಯೆ ಬಿಡಲು ಬರುವುದಿಲ್ಲ.

ಮೊದಲು ನಾನು ಕೆಡಿಸಿದ ಕಥೆ ಹೇಳಿಬಿಡುತ್ತೇನೆ. 2016ರಲ್ಲಿ, ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಅಮ್ಮನ ಮನೆಗೆಲಸಕ್ಕೆ ಬರುತ್ತಿದ್ದವರ ಮಗನನ್ನು ಓದಿಸುತ್ತೇನೆ ಅಂದೆ. ಹುಡುಗ ಆಗ ನಾಲ್ಕನೇ ಕ್ಲಾಸು. ಊರಿನ ಸರ್ಕಾರಿ ಶಾಲೆ ಬಿಡಿಸಿ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿಸಿದೆ. ಫೀ, ವ್ಯಾನ್ ಎಲ್ಲ ಸೇರಿ ವರ್ಷಕ್ಕೆ 28,000 ರೂಪಾಯಿ. ನನಗೆ ಅದು ಏನೂ ಅಲ್ಲ ಅನಿಸಿತ್ತು. 2018ರಲ್ಲಿ ನನ್ನ ಕೆಲಸ ಹೋಯಿತು. ಎಚ್-1ಬಿ ಎಂಬ ಅಮೆರಿಕದ ಕೆಲಸದ ವೀಸಾದವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಇರುವುದು 60 ದಿನ. ಆ ಗಾಬರಿಯಲ್ಲಿ ಫೀ ಕಟ್ಟಲಿಲ್ಲ. ಹುಡುಗ ಆರನೇ ಕ್ಲಾಸಿನ ನಡುವೆ ಮತ್ತೆ ಊರಿನ ಕನ್ನಡ ಮೀಡಿಯಂಗೆ ಬಂದ. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅನ್ನುವ ಹಾಗಾಯಿತು. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ, ವಿಜ್ಞಾನ ಎರಡೂ ಹೋದವು. ಈಗ ಗ್ಯಾರೇಜಿನಲ್ಲಿದ್ದಾನೆ. ನನ್ನ ಮೇಲೆ ಅವನಿಗೆ ಸಿಟ್ಟೇನೂ ಇಲ್ಲ. ಊರಿಗೆ ಹೋದಾಗ "ಅಕ್ಕಾರ, ಯಾವಾಗ ಬಂದ್ರಿ" ಅಂತ ನಗುತ್ತಲೇ ಮಾತಾಡಿಸುತ್ತಾನೆ. ನನಗೆ ಕಷ್ಟವಾಗುವುದೇ ಅದು.

ಕೆಳಗಿನ ಹಂತಗಳನ್ನು ನಾನು ಕಲಿತದ್ದು ಅದಾದ ಮೇಲೆ, ಎರಡನೇ ಸಲ ಒಬ್ಬ ಹುಡುಗಿಯ ಓದಿಗೆ ಕೈ ಹಾಕಿದಾಗ.

ಹಂತ 1: ಸರ್ಕಾರ ಏನೇನು ಕೊಡುತ್ತಿದೆ ಎಂದು ಮೊದಲು ತಿಳಿದುಕೊಳ್ಳಿ

ಇಲ್ಲಿನ ದೊಡ್ಡ ದೊಡ್ಡ ದಾನ ಸಂಸ್ಥೆಗಳ ಜಾಹೀರಾತು ನೋಡಿದರೆ, ಪುಸ್ತಕವಿಲ್ಲ, ಬಟ್ಟೆಯಿಲ್ಲ, ಊಟವಿಲ್ಲ ಎಂದು ಮಗು ಕಾಯುತ್ತಾ ಕೂತಿದೆ ಅನಿಸುತ್ತದೆ. ಕೆಲವು ದೇಶಗಳಲ್ಲಿ ಅದು ನಿಜವೂ ಇರಬಹುದು. ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಹಾಗಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ಆರರಿಂದ ಹದಿನಾಲ್ಕು ವರ್ಷದವರೆಗೆ ಓದು ಉಚಿತ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹತ್ತನೇ ಕ್ಲಾಸಿನವರೆಗೂ ಪಠ್ಯಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್ ಕೊಡುತ್ತಾರೆ. ಮಧ್ಯಾಹ್ನ ಬಿಸಿಯೂಟ ಇದೆ. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಇದೆ. ಮೊಟ್ಟೆಯೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಗಂಡುಮಕ್ಕಳಿಗೆ ರಿಯಾಯಿತಿ ಪಾಸ್.

ಪುಸ್ತಕ ತಡವಾಗಿ ಬರುವುದು, ಶೂ ಅಳತೆ ತಪ್ಪುವುದು, ಇವೆಲ್ಲ ಇದ್ದೇ ಇವೆ. ಆದರೂ ಸರ್ಕಾರ ಕೊಡುವುದನ್ನೇ ನೀವು ಮತ್ತೊಮ್ಮೆ ಕೊಡುವುದರಲ್ಲಿ ಅರ್ಥವಿಲ್ಲ. ಊರಿಗೆ ಹೋದವರು ಬ್ಯಾಗ್ ಹಂಚಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ನಮ್ಮೂರ ಶಾಲೆಯ ಒಬ್ಬ ಹುಡುಗನ ಮನೆಯಲ್ಲಿ ಅಂಥ ಬ್ಯಾಗು ಮೂರಿದ್ದವು. ಒಂದರಲ್ಲಿ ಶೇಂಗಾ ಬೀಜ ಇಟ್ಟಿದ್ದರು.

ಮಗು ಐದನೇ ಕ್ಲಾಸಿನಲ್ಲಿದ್ದರೆ ಇನ್ನೊಂದು ಮಾತು. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಜಿಲ್ಲೆಯ ನವೋದಯ ವಿದ್ಯಾಲಯ, ಇವಕ್ಕೆಲ್ಲ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇರುತ್ತದೆ. ಸೀಟು ಸಿಕ್ಕರೆ ಊಟ, ವಸತಿ, ಓದು ಎಲ್ಲ ಅಲ್ಲೇ ನಡೆಯುತ್ತದೆ. ಈ ವಯಸ್ಸಿನ ಮಗುವಿಗೆ ನೀವು ಮಾಡಬಹುದಾದ ದೊಡ್ಡ ಸಹಾಯಕ್ಕೆ ದುಡ್ಡೇ ಬೇಡ. ಹಳೇ ಪ್ರಶ್ನೆಪತ್ರಿಕೆಗಳ ಒಂದು ಪುಸ್ತಕ ಕೊಡಿಸಿ, ಕೊನೆಯ ದಿನಕ್ಕೆ ಮೊದಲೇ ಅರ್ಜಿ ಹಾಕಿಸಿ. ಅಷ್ಟೇ.

ಹಂತ 2: ದುಡ್ಡು ಬೇಕಾಗುವುದು ಎಲ್ಲಿ ಎಂದು ಗುರುತಿಸಿ

ನಾನು ಎರಡನೇ ಸಲ ಶುರು ಮಾಡುವ ಮುಂಚೆ ಊರಿನ ಹೈಸ್ಕೂಲಿನ ಹೆಡ್ ಮಾಸ್ತರ ಜೊತೆ ಮಾತಾಡಿದೆ. ಫೀ ಎಷ್ಟು ಅಂತ ಕೇಳಿದ್ದಕ್ಕೆ ಅವರು ನಕ್ಕರು. "ಫೀ ಬಿಡ್ರಿ ಮೇಡಂ. ನಮ್ಮ ಸಾಲ್ಯಾಗ ಫೀ ಎಲ್ಲಿ ಐತಿ? ಹತ್ತನೇತ್ತಾ ಮುಗಿದ ಮ್ಯಾಲ ಹುಡುಗಿ ಎಲ್ಲಿ ಇರ್ತಾಳ ಅದನ್ನ ಹೇಳ್ರಿ."

ವಿಷಯ ಇರುವುದೇ ಅಲ್ಲಿ. ಹತ್ತನೇ ಕ್ಲಾಸಿನ ಹೊಸ್ತಿಲು ದಾಟಿದ ತಕ್ಷಣ ಬಿಸಿಯೂಟ ನಿಲ್ಲುತ್ತದೆ. ಪಿಯು ಕಾಲೇಜು ಊರಲ್ಲಿರುವುದಿಲ್ಲ. ವಿಜ್ಞಾನ ಬೇಕೆಂದರೆ ಇನ್ನೂ ದೂರ. ಬಸ್ಸು ಉಚಿತ ಇರಬಹುದು, ಆದರೆ ಸಂಜೆ ಕೊನೆಯ ಬಸ್ಸು ಕ್ಲಾಸು ಮುಗಿಯುವ ಮುಂಚೆಯೇ ಹೊರಟರೆ ಏನು ಮಾಡುವುದು? ಹಾಗಾಗಿ ಹಾಸ್ಟೆಲ್ ಬೇಕು. ಸಮಾಜ ಕಲ್ಯಾಣ ಇಲಾಖೆಯ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಸಿಕ್ಕರೆ ಪುಣ್ಯ. ಸಿಗದಿದ್ದರೆ ಪೇಟೆಯಲ್ಲಿ ಪಿಜಿ ಅಥವಾ ಖಾಸಗಿ ಹಾಸ್ಟೆಲ್. ಅದರ ಮೇಲೆ ಟ್ಯೂಷನ್, ಸಿಇಟಿ ಪುಸ್ತಕ, ಫೋನ್ ರೀಚಾರ್ಜು.

ಯಾರೂ ಬರೆದಿಡದ ಖರ್ಚೂ ಒಂದಿದೆ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ, ಹತ್ತಿ ಬಿಡಿಸುವ ಕಾಲಕ್ಕೆ ಹದಿನೈದರ ಮಗುವಿಗೆ ಕೂಲಿ ಸಿಗುತ್ತದೆ. ಶಾಲೆಗೆ ಹೋದರೆ ಆ ಕೂಲಿ ಹೋಯಿತು. ಮನೆಯವರ ಲೆಕ್ಕದಲ್ಲಿ ಓದಿನ ನಿಜವಾದ ಬೆಲೆ ಅದೇ. ನೀವು ಆ ಕೂಲಿಯನ್ನು ತುಂಬಿಕೊಡಬೇಕು ಎಂದು ನಾನು ಹೇಳುತ್ತಿಲ್ಲ, ಅದು ಬೇರೆ ರೀತಿಯ ಗೋಜಲು. ಆದರೆ ಜನವರಿ, ಫೆಬ್ರವರಿಯಲ್ಲಿ ಹಾಜರಿ ಯಾಕೆ ಬಿತ್ತು ಎಂದು ಇಲ್ಲಿಂದ ಕೂತು ಬೈಯುವ ಮುಂಚೆ ಅದು ಗೊತ್ತಿರಲಿ.

ಸಣ್ಣ ಖರ್ಚುಗಳಲ್ಲಿ ಕನ್ನಡಕ ಮರೆಯಬೇಡಿ. ನಮ್ಮ ಹುಡುಗಿ ಎಂಟನೇ ಕ್ಲಾಸಿನವರೆಗೆ ಬೋರ್ಡು ಕಾಣದೆ ಪಕ್ಕದವಳದ್ದು ನೋಡಿ ಬರೆಯುತ್ತಿದ್ದಳು. ಕನ್ನಡಕಕ್ಕೆ 900 ರೂಪಾಯಿ ಆಯಿತು. ಇಷ್ಟು ವರ್ಷದಲ್ಲಿ ನಾನು ಕೊಟ್ಟ ದುಡ್ಡಲ್ಲಿ ಅದಕ್ಕಿಂತ ಚೆನ್ನಾಗಿ ಖರ್ಚಾದದ್ದು ಇನ್ನೊಂದಿಲ್ಲ.

ಹಂತ 3: ಕೊನೆಯವರೆಗಿನ ಲೆಕ್ಕ ಒಂದೇ ಹಾಳೆಯಲ್ಲಿ ಬರೆಯಿರಿ

ಎಂಟನೇ ಕ್ಲಾಸಿನ ಹುಡುಗಿಯನ್ನು ಡಿಗ್ರಿ ಮುಗಿಯುವವರೆಗೆ ಓದಿಸಬೇಕು ಎಂದಿಟ್ಟುಕೊಳ್ಳಿ. ನಾನು ಹಾಳೆಯ ಮೇಲೆ ಬರೆದದ್ದು ಇದು. ನಿಮ್ಮ ಊರಿನ ಬೆಲೆ ಬೇರೆ ಇರುತ್ತದೆ, ಅಂಕಿ ತಿದ್ದಿಕೊಳ್ಳಿ.

8, 9, 10ನೇ ಕ್ಲಾಸು: ನೋಟ್‌ಬುಕ್, ಗೈಡ್, ಚಪ್ಪಲಿ, ಸಂಜೆಯ ಟ್ಯೂಷನ್, ಪರೀಕ್ಷೆ ಶುಲ್ಕ, ಔಷಧಿ ಎಲ್ಲ ಸೇರಿ ವರ್ಷಕ್ಕೆ 9,000. ಮೂರು ವರ್ಷಕ್ಕೆ 27,000.

ಪಿಯುಸಿ: ಸರ್ಕಾರಿ ಹಾಸ್ಟೆಲ್ ಸಿಗಲಿಲ್ಲ ಎಂದೇ ಹಿಡಿದು ವರ್ಷಕ್ಕೆ 55,000. ಎರಡು ವರ್ಷಕ್ಕೆ 1,10,000.

ಡಿಗ್ರಿ: ಸರ್ಕಾರಿ ಕಾಲೇಜು, ಜೊತೆಗೆ ವಸತಿ, ವರ್ಷಕ್ಕೆ 40,000. ಮೂರು ವರ್ಷಕ್ಕೆ 1,20,000.

ಒಟ್ಟು 2,57,000 ರೂಪಾಯಿ, ಎಂಟು ವರ್ಷಕ್ಕೆ. ತಿಂಗಳಿಗೆ ಹಂಚಿದರೆ ಸುಮಾರು 2,700.

ಈಗ ಈ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ. ಮೊದಲ ಮೂರು ವರ್ಷ ತಿಂಗಳಿಗೆ ಬೀಳುವುದು 750 ರೂಪಾಯಿ ಮಾತ್ರ. "ಅಯ್ಯೋ ಇಷ್ಟೇನಾ" ಅನಿಸುತ್ತದೆ. ಆ ಹುರುಪಿನಲ್ಲಿ ಇನ್ನಿಬ್ಬರು ಮಕ್ಕಳನ್ನು ಒಪ್ಪಿಕೊಳ್ಳುತ್ತೀರಿ. ನಾಲ್ಕನೇ ವರ್ಷ ದಿಢೀರ್ ಅಂತ ತಿಂಗಳಿಗೆ 4,600 ಆಗುತ್ತದೆ, ಮೂರೂ ಮಕ್ಕಳಿಗೆ ಒಂದೇ ಸಲ. ಮುಕ್ಕಾಲು ಪಾಲು ಜನ ಕೈ ಬಿಡುವುದು ಅಲ್ಲೇ ಎಂದು ನನ್ನ ಅನುಮಾನ. ಹುಡುಗಿಗೆ ನಿಜವಾಗಿ ಕೈ ಬೇಕಾಗುವುದೂ ಅಲ್ಲೇ.

ಹಾಗಾಗಿ ಮೊದಲ ತಿಂಗಳಿಂದಲೇ 2,700 ಎತ್ತಿಡಿ. ಖರ್ಚಾಗುವುದು 750, ಉಳಿಯುವುದು 1,950. ಎಸ್‌ಎಸ್‌ಎಲ್‌ಸಿ ಮುಗಿಯುವ ಹೊತ್ತಿಗೆ 70,200 ಕೂಡಿರುತ್ತದೆ. ಪಿಯುಸಿಯ ಎರಡು ವರ್ಷ ಅದರಿಂದ ಸುಮಾರು 45,000 ತೆಗೆಯಬೇಕಾಗುತ್ತದೆ. ಡಿಗ್ರಿಗೆ ಇನ್ನೊಂದು 23,000. ಕೊನೆಗೆ ಸಾವಿರ, ಎರಡು ಸಾವಿರ ಉಳಿಯುತ್ತದೆ.

ಬೆಲೆ ಏರುತ್ತದಲ್ಲ? ಅದಕ್ಕೆ ನಾನು 2,700ರ ಬದಲು 3,200 ಇಡುತ್ತೇನೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 38 ಡಾಲರಿನೊಳಗೆ ಬಂತು. ದುಬೈಯಲ್ಲಿರುವವರಿಗೆ 140 ದಿರಂ. ಡಾಲರ್ ಇನ್ನೂ ಏರಿದರೆ ಆ ಲಾಭ ಹುಡುಗಿಯದು.

ಎಂಜಿನಿಯರಿಂಗ್, ಮೆಡಿಕಲ್ ಅಂದರೆ ಈ ಹಾಳೆ ಸಾಲುವುದಿಲ್ಲ. ಅದನ್ನು ಈಗಲೇ ಯೋಚಿಸಬೇಡಿ. ಮಾತು ಕೊಡುವುದಂತೂ ಬೇಡವೇ ಬೇಡ.

ಹಂತ 4: ನಿಮ್ಮ ಕಿಸೆ ನೋಡಿಕೊಳ್ಳಿ

ನನ್ನ ನಿಯಮ ಒಂದೇ. ಅತಿ ಹೆಚ್ಚು ಖರ್ಚಿನ ಒಂದು ವರ್ಷದ ಹಣ, ಅಂದರೆ 55,000 ರೂಪಾಯಿ, ಮಗುವಿನ ಮನೆಯವರಿಗೆ ಬಾಯಿ ಬಿಡುವ ಮುಂಚೆಯೇ ಬೇರೆ ಖಾತೆಯಲ್ಲಿರಬೇಕು. ಸುಮಾರು 650 ಡಾಲರ್. ನಿಮ್ಮ ಕೆಲಸ ಹೋದರೂ, ವೀಸಾ ತೊಂದರೆಯಾದರೂ, ಮನೆ ಕೊಂಡು ಕೈ ಖಾಲಿಯಾದರೂ ಹುಡುಗಿಗೆ ಒಂದು ಪೂರ್ತಿ ವರ್ಷ ಅದು ತಟ್ಟಬಾರದು. ಅಷ್ಟು ಈಗ ಇಲ್ಲ ಎಂದರೆ ಒಂದು ವರ್ಷ ಸುಮ್ನೆ ಕೂಡಿಡಿ, ಆಮೇಲೆ ಶುರು ಮಾಡಿ.

ಒಬ್ಬರೇ ಹೊರಬೇಕು ಅಂತೇನಿಲ್ಲ. ನಾನು ಈಗ ಕೊಲಂಬಸ್‌ನ ಇನ್ನೊಂದು ಕುಟುಂಬದ ಜೊತೆ ಅರ್ಧ ಅರ್ಧ ಹಂಚಿಕೊಂಡಿದ್ದೇನೆ. ಒಬ್ಬರಿಗೆ ತೊಂದರೆಯಾದರೆ ಇನ್ನೊಬ್ಬರು ಪೂರ್ತಿ ಹೊರಬೇಕು ಎಂಬ ಮಾತು ಮೊದಲೇ ಆಗಿದೆ. ಮನೆಯಲ್ಲಿ ಗಂಡನಿಗೋ ಹೆಂಡತಿಗೋ ಹೇಳದೆ ಕಳಿಸುವವರಿದ್ದಾರೆ, ನಾನು ಹೆಸರು ಹೇಳುವುದಿಲ್ಲ. ಅದು ಎಂಟು ವರ್ಷ ನಡೆಯುವ ಗುಟ್ಟಲ್ಲ.

ಹಂತ 5: ಪಾಸ್‌ಪೋರ್ಟ್ ತೆರೆದು ನೋಡಿ

ಇದು ಒಣ ವಿಷಯ. ಆದರೆ ಇದನ್ನು ತಿಳಿಯದೆ ಊರಿನ ಶಾಲೆಯವರನ್ನು ತೊಂದರೆಗೆ ಸಿಲುಕಿಸಿದವರಿದ್ದಾರೆ.

ಹೊರದೇಶದಿಂದ ಬರುವ ವಂತಿಗೆಗೆ ಭಾರತದಲ್ಲಿ ಎಫ್‌ಸಿಆರ್‌ಎ ಎಂಬ 2010ರ ಕಾನೂನಿದೆ. ನಿಮ್ಮ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ, ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ, ಅದು ಈ ಕಾನೂನಿನ ಲೆಕ್ಕದಲ್ಲಿ ವಿದೇಶಿ ವಂತಿಗೆ ಅಲ್ಲ. ಎಷ್ಟು ವರ್ಷ ಹೊರಗಿದ್ದರೂ ಸರಿ. ಅಮೆರಿಕದ ಪೌರತ್ವ ತೆಗೆದುಕೊಂಡು ಒಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವುದು) ಮಾತ್ರ ಇಟ್ಟುಕೊಂಡಿದ್ದರೆ ನೀವು ವಿದೇಶಿಯರೇ. ಊರಿನ ಬ್ಯಾಂಕಿನಲ್ಲಿರುವ ನಿಮ್ಮ ಖಾತೆಯಿಂದ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ವಂತಿಗೆಯೇ. ಹೆಚ್ಚಿನವರು ಎಡವುವುದು ಇಲ್ಲಿ.

ಆಗ ನಿಮ್ಮ ಹಣವನ್ನು ಪಡೆಯುವ ಟ್ರಸ್ಟ್, ಸಂಘ, ಖಾಸಗಿ ಶಾಲೆಗೆ ಎಫ್‌ಸಿಆರ್‌ಎ ನೋಂದಣಿ ಇರಲೇಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಇಳಿಯುವುದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಆಡಳಿತದ ಖರ್ಚಿಗೆ ಶೇ. 20ಕ್ಕಿಂತ ಜಾಸ್ತಿ ಬಳಸುವಂತಿಲ್ಲ, ಮೊದಲು ಶೇ. 50 ಇತ್ತು. ಒಂದು ಸಂಸ್ಥೆ ಇನ್ನೊಂದು ಸಂಸ್ಥೆಗೆ ಅದನ್ನು ದಾಟಿಸುವಂತೆಯೂ ಇಲ್ಲ. ಹಾಗಾಗಿ "ನಮಗೆ ಕಳಿಸಿ, ನಾವು ನಿಮ್ಮೂರಿನ ಟ್ರಸ್ಟಿಗೆ ಕೊಡುತ್ತೇವೆ" ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ.

ಮಗು ನಿಮ್ಮ ಹತ್ತಿರದ ಸಂಬಂಧಿಯದ್ದಾದರೆ ದಾರಿ ಸುಲಭ. ವಿದೇಶಿ ಪೌರರಾದ ಸಂಬಂಧಿಕರಿಂದ ವರ್ಷಕ್ಕೆ 10 ಲಕ್ಷದವರೆಗೆ ಪಡೆಯಲು ಸರ್ಕಾರಕ್ಕೆ ತಿಳಿಸುವ ಅಗತ್ಯವಿಲ್ಲ. 2022ರವರೆಗೆ ಈ ಮಿತಿ 1 ಲಕ್ಷ ಇತ್ತು. ಸಂಬಂಧಿ ಎಂದರೆ ಯಾರು ಎಂಬುದಕ್ಕೂ ಕಾನೂನಿನಲ್ಲಿ ಪಟ್ಟಿ ಇದೆ. ಒಸಿಐನವರು ಊರಿನ ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಬರುವುದು ಒಳ್ಳೆಯದು.

ತೆರಿಗೆಯ ಎರಡು ಮಾತು. ಸಂಬಂಧಿಯಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ಉಡುಗೊರೆ ಬಂದರೆ ಭಾರತದಲ್ಲಿ ಅದು ಪಡೆದವರ ಆದಾಯ ಎಂದಾಗುತ್ತದೆ. ಆದ್ದರಿಂದ ಪಿಯುಸಿ ವರ್ಷದ ಹಣವನ್ನು ಪೂರ್ತಿ ಮನೆಯವರ ಖಾತೆಗೆ ಹಾಕದೆ ಹಾಸ್ಟೆಲ್‌ಗೆ ನೇರ ಕಟ್ಟಿ. ಅದು ಬೇರೆ ಕಾರಣಕ್ಕೂ ಒಳ್ಳೆಯದು, ಮುಂದೆ ಹೇಳುತ್ತೇನೆ. ಇನ್ನು ಅಮೆರಿಕದಲ್ಲಿ ಒಂದು ಮಗುವಿಗೆ ನೇರವಾಗಿ ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿ ಇಲ್ಲ. ಇಲ್ಲಿ ನೋಂದಣಿಯಾದ ದಾನ ಸಂಸ್ಥೆಯ ಮೂಲಕ ಕೊಟ್ಟರೆ ಮಾತ್ರ. ಹಾಗೆ ಕೊಟ್ಟರೆ ಕೆಲವು ಕಂಪನಿಗಳು ನೀವು ಕೊಟ್ಟಷ್ಟೇ ತಾವೂ ಸೇರಿಸುತ್ತವೆ. ಕೇಳಿ ನೋಡಿ.

ಹಂತ 6: ಸಂಸ್ಥೆಯೋ, ನೇರವೋ?

ಸಂಸ್ಥೆಗಳ ಮೇಲೆ ನನಗೆ ಮೊದಲು ನಂಬಿಕೆ ಇರಲಿಲ್ಲ. ಈಗ ಸ್ವಲ್ಪ ಬದಲಾಗಿದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ರೂಸ್ ವೈಡಿಕ್ ಮತ್ತು ಇನ್ನಿಬ್ಬರು ಅರ್ಥಶಾಸ್ತ್ರಜ್ಞರು, ಮಕ್ಕಳಿಗೆ ಪ್ರಾಯೋಜಕರನ್ನು ಹುಡುಕಿಕೊಡುವ ಕಂಪ್ಯಾಶನ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ಕೆಲಸವನ್ನು ಆರು ದೇಶಗಳಲ್ಲಿ ಅಳೆದು ನೋಡಿದರು. ಅದರಲ್ಲಿ ಭಾರತವೂ ಇತ್ತು. ಪ್ರಾಯೋಜಕರಿದ್ದ ಮಕ್ಕಳು ಉಳಿದವರಿಗಿಂತ ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು. ಕಡಿಮೆ ಅಲ್ಲ ಅದು.

ಇದೇ ಸಂಸ್ಥೆಯ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಹೊರಗಿನ ಹಣ ಬರುವ ಮುಂಚೆ ಸರ್ಕಾರದ ಅನುಮತಿ ಬೇಕೆಂಬ ನಿಯಮದಿಂದಾಗಿ 2017ರ ಮಾರ್ಚ್‌ನಲ್ಲಿ ಅದು ಭಾರತದ ಕೆಲಸವನ್ನೇ ನಿಲ್ಲಿಸಬೇಕಾಯಿತು. ದುಡ್ಡು ಕೊಡುವವರು ಸಿದ್ಧವಿದ್ದರೂ ದಾರಿಯೇ ಮುಚ್ಚಿತು. ಸರಿ ತಪ್ಪು ಏನೇ ಇರಲಿ, ಓದುತ್ತಿದ್ದ ಮಕ್ಕಳಿಗೆ ನಡುವೆ ನಿಂತಿತು ಎನ್ನುವುದು ನಿಜ.

ಸಂಸ್ಥೆಯ ದಾರಿ ಹಿಡಿಯುವವರು ಮೂರು ವಿಷಯ ನೋಡಿ. ಕೇಂದ್ರ ಗೃಹ ಇಲಾಖೆಯ ಎಫ್‌ಸಿಆರ್‌ಎ ಜಾಲತಾಣದಲ್ಲಿ ಅದರ ನೋಂದಣಿ ಇನ್ನೂ ಜೀವಂತವಿದೆಯೇ? ಎಫ್‌ಸಿ-4 ಎಂಬ ವಾರ್ಷಿಕ ಲೆಕ್ಕ ಸಲ್ಲಿಸಿದ್ದಾರೆಯೇ? ನಿಮ್ಮ ಹಣ ಆ ಒಂದು ಮಗುವಿಗೇ ಹೋಗುತ್ತದೆಯೋ, ಇಡೀ ಊರಿನ ಕೆಲಸಕ್ಕೆ ಹೋಗುತ್ತದೆಯೋ? ದೊಡ್ಡ ಸಂಸ್ಥೆಗಳಲ್ಲಿ ಹಲವು ಎರಡನೆಯದನ್ನೇ ಮಾಡುತ್ತವೆ, ಸಣ್ಣ ಅಕ್ಷರದಲ್ಲಿ ಹೇಳಿಯೂ ಇರುತ್ತವೆ. ಅದು ಮೋಸ ಅಲ್ಲ. ಆದರೆ ಮಗುವಿನ ಫೋಟೋ ಫ್ರಿಜ್ ಮೇಲೆ ಅಂಟಿಸಿಕೊಂಡು ನಾನೇ ಓದಿಸುತ್ತಿದ್ದೇನೆ ಅಂದುಕೊಳ್ಳುವ ಮುಂಚೆ ಗೊತ್ತಿರಲಿ, ಅಲ್ವಾ?

ಊರಿನ ಬೇರು ಗಟ್ಟಿಯಿದ್ದು, ಅಲ್ಲಿ ನಂಬುವ ಒಬ್ಬರಾದರೂ ಇದ್ದು, ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ ನೇರ ದಾರಿಯೇ ಅಗ್ಗ. ಮೂರರಲ್ಲಿ ಒಂದು ಇಲ್ಲದಿದ್ದರೂ ಸಂಸ್ಥೆಯೇ ಮೇಲು.

ಹಂತ 7: ಮಗುವನ್ನು ನೀವು ಆರಿಸಬೇಡಿ

ಮಾಸ್ತರು ಆರಿಸಲಿ. ನಿಮ್ಮ ಅಮ್ಮ ಹೇಳಿದ ಮನೆ, ದೇವಸ್ಥಾನದಲ್ಲಿ ಕೈಮುಗಿದ ಹುಡುಗ, ಇವೆಲ್ಲ ಕಣ್ಣಿಗೆ ಬಿದ್ದವರು. ಕಣ್ಣಿಗೆ ಬೀಳದವರು ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತಾರೆ. ಎಂಟನೇ ಕ್ಲಾಸಿನ ಪಟ್ಟಿ ಹಿಡಿದು "ಇವರಲ್ಲಿ ಹತ್ತಾದ ಮೇಲೆ ಯಾರು ಬಿಡಬಹುದು, ಬಿಟ್ಟರೆ ಯಾರ ಬಗ್ಗೆ ನಿಮಗೆ ಹೊಟ್ಟೆ ಉರಿಯುತ್ತದೆ?" ಎಂದು ಕೇಳಿ. ಮೊದಲ ರ‍್ಯಾಂಕಿನವರಿಗೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಶೇ. 60ರ ಆಸುಪಾಸಿನಲ್ಲಿ ಓದುವ, ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡೇ ಹೋಂವರ್ಕ್ ಮಾಡುವ ಹುಡುಗಿಗೆ ಯಾರೂ ಇರುವುದಿಲ್ಲ.

ಶಾಲೆ ಬದಲಿಸಬೇಡಿ. ನನ್ನ ಕಥೆ ಮೇಲೆ ಹೇಳಿದ್ದೇನೆ. ಇನ್ನು ಖಾಸಗಿ ಶಾಲೆಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಆರ್‌ಟಿಇ ಸೀಟು ಸಿಗುತ್ತದಂತೆ ಎಂದು ಈಗಲೂ ಕೆಲವರು ಹೇಳುತ್ತಾರೆ. 2019ರಿಂದ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದ ಕಡೆ ಖಾಸಗಿ ಶಾಲೆಯಲ್ಲಿ ಆ ಸೀಟು ಕೊಡುತ್ತಿಲ್ಲ. ಹಳ್ಳಿಯಲ್ಲಿ ಅದನ್ನು ನಂಬಿ ಕೂರಬೇಡಿ.

ಹಂತ 8: ಮೊದಲು ಕಾಗದ ಪತ್ರ, ಆಮೇಲೆ ದುಡ್ಡು

ನನ್ನ ಮೊದಲ ಮೂರು ತಿಂಗಳು ಹೋದದ್ದು ಇದಕ್ಕೇ. ಹುಡುಗಿಯ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ ಇತ್ತು. ಅಪ್ಪನ ಹೆಸರಿನ ಮುಂದಿನ ಅಡ್ಡಹೆಸರು ಒಂದರಲ್ಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅಷ್ಟಕ್ಕೇ ಎರಡು ವರ್ಷದ ಸ್ಕಾಲರ್‌ಶಿಪ್ ಹೋಗಿತ್ತು.

ಮಾಡಿಸಬೇಕಾದದ್ದು ಇಷ್ಟು. ಆಧಾರ್ ಮತ್ತು ಶಾಲೆಯ ದಾಖಲೆಯ ಹೆಸರು ಒಂದೇ ಆಗಬೇಕು. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಆದಾಯ ಪತ್ರದ ಅವಧಿ ಮುಗಿದಿದ್ದರೆ ಹೊಸದು ಮಾಡಿಸಬೇಕು. ಮಗುವಿನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಸಬೇಕು, ಅದಕ್ಕೆ ಆಧಾರ್ ಸೀಡಿಂಗ್ (ಸರ್ಕಾರದ ದುಡ್ಡು ಈ ಖಾತೆಗೇ ಬರಲಿ ಎಂದು ಆಧಾರ್ ನಂಬರಿಗೆ ಜೋಡಿಸುವುದು) ಆಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಬೇಕು. ಲಿಂಕ್ ಆಗಿದೆ ಎನ್ನುವುದು ಬೇರೆ, ಸೀಡಿಂಗ್ ಬೇರೆ. ಸರ್ಕಾರದ ದುಡ್ಡು ಬರುವುದು ಸೀಡಿಂಗ್ ಆದ ಖಾತೆಗೆ ಮಾತ್ರ.

ಇಷ್ಟಾದರೆ ಏನೇನು ತೆರೆದುಕೊಳ್ಳುತ್ತದೆ ನೋಡಿ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಪಾಸಾದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ವರ್ಷಕ್ಕೆ 12,000. ಮನೆಯ ಆದಾಯ ಮೂರೂವರೆ ಲಕ್ಷದೊಳಗಿರಬೇಕು, ಓದುವುದು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿರಬೇಕು. ಪಿಯುಸಿಗೆ ಹೋದ ಮೇಲೆ ಹಿಂದುಳಿದ ವರ್ಗದವರಿಗೆ ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಸಹಾಯಧನ ಇದೆ, ತಿಂಗಳಿಗೆ ಇಷ್ಟು ಎಂದು ಹತ್ತು ತಿಂಗಳು. ಅರ್ಜಿ ಎಸ್‌ಎಸ್‌ಪಿ ಎಂಬ ರಾಜ್ಯದ ಸ್ಕಾಲರ್‌ಶಿಪ್ ಜಾಲತಾಣದಲ್ಲಿ. ಅಪ್ಪ ಅಮ್ಮನಿಗೆ ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಅದರಲ್ಲೂ ಮಕ್ಕಳ ಓದಿಗೆ ಸಹಾಯಧನ ಇದೆ. ಹತ್ತು ಮತ್ತು ಹನ್ನೆರಡನ್ನು ಸರ್ಕಾರಿ ಸಂಸ್ಥೆಯಲ್ಲಿ ಓದಿ ಡಿಗ್ರಿ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ.

ಇವೆಲ್ಲ ಸಿಕ್ಕರೆ ನಿಮ್ಮ ಹಾಳೆಯ ಅಂಕಿ ಅರ್ಧಕ್ಕೆ ಇಳಿಯಬಹುದು. ಆದರೆ ಸಿಗುತ್ತದೆ ಎಂದು ನಂಬಿ ಲೆಕ್ಕ ಹಾಕಬೇಡಿ. ಬಂದರೆ ಬಂತು. ಬರುವುದೂ ತಡವಾಗಿ, ಕೆಲವು ಸಲ ವರ್ಷ ಮುಗಿದ ಮೇಲೆ. ಹಾಸ್ಟೆಲ್‌ನವರು ಅಷ್ಟು ದಿನ ಕಾಯುವುದಿಲ್ಲ. ಆ ನಡುವಿನ ತಿಂಗಳುಗಳನ್ನು ದಾಟಿಸುವುದೇ ನಿಮ್ಮ ಕೆಲಸ.

ಹಂತ 9: ಹಣ ಕಳಿಸುವ ರೀತಿ

ನಿಮ್ಮ ಹಳೇ ಸೇವಿಂಗ್ಸ್ ಅಕೌಂಟ್ ಇನ್ನೂ ಹಾಗೇ ಇದೆಯೇ? ಅನಿವಾಸಿ ಆದ ಮೇಲೆ ಅದನ್ನು ಎನ್‌ಆರ್‌ಒ ಎಂಬ ಅನಿವಾಸಿಗಳ ರೂಪಾಯಿ ಖಾತೆಗೆ ಬದಲಿಸಬೇಕು. ಆಮೇಲೆ ಎನ್‌ಆರ್‌ಒ ಅಥವಾ ಎನ್‌ಆರ್‌ಇ (ಹೊರಗಿನ ಗಳಿಕೆ ಹಾಕುವ) ಖಾತೆಯಿಂದ ಕಟ್ಟಿ. ಅಮೆರಿಕ, ಯುಎಇ ಸೇರಿ ಕೆಲವು ದೇಶಗಳ ಮೊಬೈಲ್ ನಂಬರಿಗೂ ಈ ಖಾತೆಗಳಿಂದ ಯುಪಿಐ ಸಿಗುತ್ತದೆ. 800 ರೂಪಾಯಿಯ ಪುಸ್ತಕದ ಬಿಲ್ಲನ್ನು ಇಲ್ಲಿಂದಲೇ ಅಂಗಡಿಗೆ ಕಟ್ಟಬಹುದು.

ದೊಡ್ಡ ಖರ್ಚು, ಅಂದರೆ ಹಾಸ್ಟೆಲ್, ಟ್ಯೂಷನ್, ಕಾಲೇಜು ಫೀ, ನೇರ ಅವರಿಗೇ ಕಟ್ಟಿ, ರಸೀದಿ ತರಿಸಿಕೊಳ್ಳಿ. ಸಣ್ಣ ಖರ್ಚು ಮಗುವಿನ ಖಾತೆಗೆ. ಅಪ್ಪನ ಕೈಗೆ ಕೊಡಬೇಡಿ ಎಂದರೆ ಅಪ್ಪ ಕೆಟ್ಟವನು ಅಂತಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಎಮ್ಮೆ ಸತ್ತಿತು, ಕೈಯಲ್ಲಿ ಹತ್ತು ಸಾವಿರ ಇದೆ. ನಾನಾದರೂ ಅದನ್ನೇ ಮುಟ್ಟುತ್ತಿದ್ದೆ.

ಮಾಸ್ತರ ಸ್ವಂತ ಖಾತೆಗೂ ಕಳಿಸಬೇಡಿ. ಅವರು ಒಳ್ಳೆಯವರಾದಷ್ಟೂ ಊರಿನ ಮಾತು ಅವರ ಮೇಲೆ ಬರುತ್ತದೆ.

ಹಂತ 10: ಮಗುವಿನ ಜೊತೆ ಮಾತು

ಕಡಿಮೆ ಮಾತಾಡಿ. ಹುಡುಗಿಯ ಫೋಟೋ ಎಲ್ಲೂ ಹಾಕಬೇಡಿ. ಫೋನ್ ಮಾಡುವುದಾದರೆ ಅವಳ ಅಮ್ಮನೋ ಮೇಡಮ್ಮೋ ಪಕ್ಕದಲ್ಲಿರುವಾಗ ಮಾಡಿ. "ಇಷ್ಟು ಖರ್ಚು ಮಾಡ್ತಿದ್ದೀನಿ, ಮಾರ್ಕ್ಸ್ ಯಾಕೆ ಕಮ್ಮಿ" ಎಂದು ಒಂದೇ ಒಂದು ಸಲ ಕೇಳಿದರೂ ಆಮೇಲೆ ಅವಳು ನಿಜ ಹೇಳುವುದಿಲ್ಲ. ನಮ್ಮ ಹುಡುಗಿ ಒಂಬತ್ತರಲ್ಲಿ ಇಂಗ್ಲಿಷ್‌ನಲ್ಲಿ ಫೇಲಾದದ್ದನ್ನು ಅವಳೇ ಹೇಳಿದಳು. ಅದು ನನಗೆ ಸಮಾಧಾನ ಕೊಟ್ಟಿತು.

ಮದುವೆಯ ಮಾತು ಬಂದೇ ಬರುತ್ತದೆ, ಹೆಚ್ಚಾಗಿ ಪಿಯುಸಿ ಮುಗಿಯುವಾಗ. ದುಡ್ಡು ಕೊಟ್ಟವರು ಎಂಬ ಹಕ್ಕಿನಲ್ಲಿ ನೀವು ಅಲ್ಲಿ ಮಾತಾಡಿದರೆ ಕೆಲಸ ಕೆಡುತ್ತದೆ. ಮಾಸ್ತರು, ಅಂಗನವಾಡಿ ಅಕ್ಕ, ಊರಲ್ಲಿ ಓದಿ ನರ್ಸ್ ಆದ ಹುಡುಗಿ, ಇವರ ಮಾತು ನಡೆಯುತ್ತದೆ. ಹದಿನೆಂಟಕ್ಕೆ ಮೊದಲೇ ಎಂದರೆ ಅದು ಬೇರೆ. ಅದು ಅಪರಾಧ, ಮಕ್ಕಳ ಸಹಾಯವಾಣಿ 1098ಕ್ಕೆ ಊರಿನಲ್ಲಿ ಯಾರಾದರೂ ಕರೆ ಮಾಡಬೇಕು.

ಹಂತ 11: ವರ್ಷದ ಕ್ಯಾಲೆಂಡರ್

ನಾವು ಇಲ್ಲಿ ಡಿಸೆಂಬರಿನಲ್ಲಿ ದಾನ ಮಾಡುತ್ತೇವೆ, ತೆರಿಗೆ ವರ್ಷ ಮುಗಿಯುತ್ತದೆ ಅಂತ. ಊರಿನಲ್ಲಿ ದುಡ್ಡು ಬೇಕಾಗುವುದು ಜೂನ್‌ನಲ್ಲಿ. ಮುಂಗಾರು ಬಿತ್ತನೆಗೂ ಮನೆಯವರು ಸಾಲ ಮಾಡುವುದು ಆಗಲೇ. ಆದ್ದರಿಂದ ವರ್ಷದ ಖರ್ಚಿನ ಅರ್ಧ ಭಾಗ ಮೇ ಮುಗಿಯುವ ಮುಂಚೆ ಸಿದ್ಧವಿರಲಿ. ದಸರಾ ರಜೆ ಮುಗಿಯುವಾಗ ಇನ್ನೊಂದು ಸಲ ಹಾಜರಿ, ಸ್ಕಾಲರ್‌ಶಿಪ್ ಅರ್ಜಿ ವಿಚಾರಿಸಿ. ಜನವರಿಯಲ್ಲಿ ಟ್ಯೂಷನ್. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರವೇ ಹಾಸ್ಟೆಲ್ ಅರ್ಜಿ, ಕಾಲೇಜು ಸೀಟು. ಆ ವಾರ ಊರಿನಲ್ಲಿ ಯಾರಾದರೂ ಹುಡುಗಿಯ ಜೊತೆ ಓಡಾಡುವವರು ಬೇಕು. ಅವರ ಬಸ್ ಖರ್ಚು, ಊಟ, ಜೆರಾಕ್ಸ್ ಎಲ್ಲಕ್ಕೂ 2,000 ರೂಪಾಯಿ ಬೇರೆ ಇಡಿ.

ನಮ್ಮ ಹುಡುಗಿಯ ಫಲಿತಾಂಶ ಬಂದ ದಿನ ಮಾಸ್ತರು ಬೆಳಗ್ಗೆ ಹತ್ತಕ್ಕೆ ಫೋನ್ ಮಾಡಿದರು. ನನಗಿಲ್ಲಿ ರಾತ್ರಿ ಹನ್ನೆರಡೂವರೆ. "ಅರವತ್ಮೂರು ಪರ್ಸೆಂಟ್ ರಿ ಮೇಡಂ. ಹಾಸ್ಟೆಲ್ ಅರ್ಜಿ ನಾಳಿಗೇ ಹಾಕ್ತೀನ್ರಿ, ಆದಾಯ ಪತ್ರ ಎಲ್ಲಿಟ್ಟಾರ ಕೇಳಬೇಕು." ಆದಾಯ ಪತ್ರದ ಫೋಟೋ ನನ್ನ ಫೋನಿನಲ್ಲೇ ಇತ್ತು. ಕಳಿಸಿ ಮಲಗಿದೆ.